ಗಂಗೂಬಾಯಿಯವರ ಕೊರಳು

ಬೆಂಗಳೂರು

ಪ್ರೀತಿಯ ಪುಟ್ಟಿ,

ನಾನು ಬಿಡಿಸಿದ ಭಾವಚಿತ್ರದ ಫೋಟೊ ನೋಡಿ ನೀನು ಕೇಳಿದೆ: ‘ಅಮ್ಮಾ, ಗಂಗೂಬಾಯಿ ಹಾನಗಲ್ಲರನ್ನು ಇಷ್ಟು ವಯಸ್ಸಾದವರಂತೆ ಏಕೆ ಬಿಡಿಸಿದೆ? ಅವರ ಹರೆಯದ ಫೋಟೊಗಳೂ ಇವೆಯಲ್ಲ?’ ಇದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಬೇಕಿದ್ದುದು ಅವರ ಕೊರಳು. ಹರೆಯದಲ್ಲಿ ಅವರ ದನಿ ತೆಳುವಾಗಿತ್ತು, ಏರುಶ್ರುತಿಯದಾಗಿತ್ತು. ಆ ಕಾಲದ ಧ್ವನಿಮುದ್ರಿಕೆ ಕೇಳಿದರೆ ಬೇರೆ ಯಾರೋ ಹಾಡುತ್ತಿದ್ದಾರೆ ಎನ್ನಿಸುತ್ತದೆ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅದು ಇಳಿದು, ಗಂಡುದನಿಯಂತೆ ಭಾರವಾಯಿತು. ಬೇರೆಯವರಾಗಿದ್ದರೆ ಹಾಡುವುದನ್ನೇ ನಿಲ್ಲಿಸುತ್ತಿದ್ದರೋ ಏನೋ. ಅವರು ಆ ದನಿಯಲ್ಲೇ ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯ, ಅಂದರೆ ಆ ಗಾಯನ ಪರಂಪರೆಯ, ನಿಧಾನಗತಿಯ ಆಲಾಪವನ್ನು ಬೆಳೆಸಿದರು. ಇಂದು ನಾವು ಗಂಗೂಬಾಯಿ ಎಂದು ಗುರುತಿಸುವುದೇ ಆ ದನಿಯನ್ನು. ಹಾಗಿರುವಾಗ ನಾನು ಯಾವ ಕೊರಳನ್ನು ಬಿಡಿಸಬೇಕಿತ್ತು, ಹೇಳು?

ಇಡೀ ಚಿತ್ರದಲ್ಲಿ ಹೆಚ್ಚು ಹೊತ್ತು ಹಿಡಿದದ್ದೂ ಅದೇ. ಕತ್ತಿನ ಎರಡೂ ಬದಿಯಲ್ಲಿ ಉಬ್ಬಿದ ನರ, ನಡುವೆ ಸಣ್ಣ ಕುಳಿ. ನೆರಳಿಗೆ ಕಪ್ಪನ್ನು ಮುಟ್ಟಲಿಲ್ಲ. ಕಪ್ಪು ಬೆರೆತರೆ ಚರ್ಮದ ಜೀವವೇ ಹೋಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿ ನೆರಳು ಮಾಡಿಕೊಂಡೆ. ಸುಕ್ಕುಗಳನ್ನು ಗೆರೆ ಎಳೆದು ತೋರಿಸಲು ಆಗುವುದಿಲ್ಲ, ಪುಟ್ಟಿ. ಪ್ರತಿ ಸುಕ್ಕಿಗೂ ಬೆಳಕಿನ ಮಗ್ಗುಲು ಒಂದು, ನೆರಳಿನ ಮಗ್ಗುಲು ಒಂದು. ಕಣ್ಣು ಕಿರಿದು ಮಾಡಿ ನೋಡಿದರಷ್ಟೇ ಎರಡೂ ಬೇರೆಯಾಗಿ ಕಾಣುತ್ತವೆ. ಎಣ್ಣೆಬಣ್ಣಕ್ಕೆ ಅವಸರವೂ ಆಗದು. ಕೆಳಗಿನ ಪದರ ತೆಳ್ಳಗಿರಬೇಕು, ಮೇಲೆ ಹೋದಂತೆ ಲಿನ್ಸೀಡ್ ಎಣ್ಣೆ ಹೆಚ್ಚಬೇಕು, ಇಲ್ಲವಾದರೆ ಬಿರುಕು ಬಿಡುತ್ತದೆ. ನಮ್ಮೂರಿನ ಮಳೆಗಾಲದಲ್ಲಂತೂ ಒಂದು ಪದರ ಒಣಗುವಷ್ಟರಲ್ಲಿ ಸಾಕುಸಾಕಾಗುತ್ತದೆ. ಮೂಗುತಿಗೆ ಮಾತ್ರ ಎಲ್ಲಕ್ಕಿಂತ ಕೊನೆಗೆ ದಪ್ಪ ಬಿಳಿಯ ಒಂದು ಚುಕ್ಕೆ ಇಟ್ಟೆ.

ದೊಡ್ಡವರ ಭಾವಚಿತ್ರವೆಂದರೆ ಮುಖವನ್ನು ನುಣುಪು ಮಾಡಿ, ತಲೆಯ ಹಿಂದೆ ಪ್ರಭೆ ಮೂಡಿಸಿ, ಹಾರ ಹಾಕಲು ಮೊಳೆ ಹೊಡೆಯುವ ರೂಢಿ ನಮ್ಮಲ್ಲಿದೆ. ಅದು ನನಗೆ ಒಗ್ಗುವುದಿಲ್ಲ. ಅವರು ಪಟ್ಟ ಪಾಡನ್ನೆಲ್ಲ ಅಳಿಸಿಹಾಕಿ ಕೈ ಮುಗಿದರೆ, ಮುಗಿದದ್ದು ಯಾರಿಗೆ?

ಚಿತ್ರದ ಅಂಚಿನಲ್ಲಿ ಅರ್ಧ ಕಾಣುವ ಕೈ ಯಾರದೆಂದು ನೀನು ಕೇಳಲಿಲ್ಲ. ಅದು ಅವರ ಮಗಳು ಕೃಷ್ಣಾ ಅವರದು. ವೇದಿಕೆಯಲ್ಲಿ ತಾಯಿಯ ಪಕ್ಕ ಕುಳಿತು ದನಿಗೂಡಿಸುತ್ತಿದ್ದವರು. 2004ರಲ್ಲಿ ಮಗಳು ತೀರಿಕೊಂಡರು. ಆಮೇಲೂ, 2006ರಲ್ಲಿ, ತೊಂಬತ್ತು ದಾಟಿದ ಆ ತಾಯಿ ಕಛೇರಿ ಕೊಟ್ಟರು. ಗಂಗೂಬಾಯಿಯವರ ತಾಯಿ ಅಂಬಾಬಾಯಿಯವರದು ಇನ್ನೊಂದು ಕಥೆ. ಅವರು ಕರ್ನಾಟಕ ಸಂಗೀತದ ಗಾಯಕಿ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರಂಥವರು ಅವರ ಹಾಡು ಕೇಳಲು ಮನೆಗೆ ಬರುತ್ತಿದ್ದರು. ಮಗಳು ಗಂಗೂಬಾಯಿ ಹಿಂದೂಸ್ತಾನಿ ಕಲಿಯತೊಡಗಿದಾಗ, ತನ್ನ ಪದ್ಧತಿ ಅವಳ ಕಿವಿಗೆ ಅಡ್ಡ ಬರಬಾರದೆಂದು ತಾವು ಹಾಡುವುದನ್ನೇ ಬಿಟ್ಟರು. ಅಂಥ ತ್ಯಾಗವನ್ನು ಯಾವ ತಾಯಿಯಿಂದಲೂ ಯಾರೂ ಬಯಸಬಾರದು ಎಂದೇ ನನ್ನ ಅನಿಸಿಕೆ. ಆದರೂ ಅವರನ್ನು ನೆನೆದಾಗಲೆಲ್ಲ ಕಣ್ಣು ತುಂಬುತ್ತದೆ.

ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಇದನ್ನು ಒಯ್ಯಬಹುದಲ್ಲ ಎಂದು ನಿನ್ನ ಅಪ್ಪ ಹೇಳುತ್ತಿದ್ದಾರೆ. ಬೇರೆ ಚಿತ್ರಗಳನ್ನು ಒಯ್ಯುತ್ತೇನೆ. ಇದು ಮಾರಾಟಕ್ಕಲ್ಲ.

ಹಿನ್ನೆಲೆ ಇನ್ನೂ ಖಾಲಿ ಇದೆ, ಅದಕ್ಕೆ ನಿನ್ನಿಂದ ಒಂದು ಕೆಲಸವಾಗಬೇಕು. ಹೇಗೂ ಧಾರವಾಡದಲ್ಲಿದ್ದೀಯ. ಒಂದು ಭಾನುವಾರ ಹುಬ್ಬಳ್ಳಿಗೆ ಹೋಗಿ ಕುಂದಗೋಳದ ರೈಲು ಹತ್ತು. ಗುರು ಸವಾಯಿ ಗಂಧರ್ವರ ಬಳಿ ಪಾಠಕ್ಕೆಂದು ಗಂಗೂಬಾಯಿ ಓಡಾಡಿದ ದಾರಿ ಅದೇ. ಸಂಜೆಯ ಹೊತ್ತಿಗೆ ಅಲ್ಲಿನ ಎರೆಮಣ್ಣು ಯಾವ ಬಣ್ಣಕ್ಕೆ ತಿರುಗುತ್ತದೆ ನೋಡು. ಫೋಟೊ ಬೇಡ, ಮೊಬೈಲ್ ಬಣ್ಣವನ್ನು ಕೆಡಿಸುತ್ತದೆ. ನಿನ್ನ ಕಣ್ಣಿಗೆ ಕಂಡದ್ದನ್ನು ಬರೆದು ಕಳುಹಿಸು. ಅದನ್ನು ಓದಿಯೇ ಬಣ್ಣ ಕಲಸುತ್ತೇನೆ.

ನಿನ್ನ,
ಅಮ್ಮ