ಸ್ಲಿಪ್ ಮಾಸಿ ಹೋದ್ರೆ ದುಡ್ಡೂ ಹೋಯ್ತಾ?

ಸಂಪಾದಕರೇ,

ಉಡುಪಿ ರಥಬೀದಿ ಹತ್ರ ನಂದೊಂದು ಸಣ್ಣ ಸೀರೆ ಅಂಗಡಿ ಉಂಟು. ಕ್ರೆಡಿಟ್ ಕಾರ್ಡಲ್ಲಿ 10,000 ರೂಪಾಯಿ ಸೀರೆ ಹೋದ್ರೆ ನನ್ನ ಕಾರ್ಡ್ ಮಷಿನ್‌ನವ್ರು ಶುಲ್ಕ ಅಂತ 2% ಅಂದ್ರೆ 200 ಹಿಡೀತಾರೆ, ಅದ್ರ ಮೇಲೆ 18% ಜಿಎಸ್‌ಟಿ 36, ಕೈಗೆ ಬರೋದು 9,764. ಡೆಬಿಟ್ ಕಾರ್ಡಿಗೆ ರಿಸರ್ವ್ ಬ್ಯಾಂಕ್ 2018ರಿಂದಲೇ ಈ ಶುಲ್ಕಕ್ಕೆ 0.90% ಮಿತಿ ಹಾಕಿದೆ, ಸಣ್ಣ ವ್ಯಾಪಾರಿಗೆ 0.40%, ರುಪೇ ಡೆಬಿಟ್ಟಿಗೆ 2020ರಿಂದ ಶುಲ್ಕವೇ ಇಲ್ಲ, ಕ್ರೆಡಿಟ್ ಕಾರ್ಡಿಗೆ ಮಾತ್ರ ಅಂಥ ಮಿತಿ ಇಲ್ಲ. ಗಿರಾಕಿ ಹತ್ರ 2% ಜಾಸ್ತಿ ಕೇಳ್ಲಿಕ್ಕೂ ಆಗುದಿಲ್ಲ, ಮಷಿನ್ ಒಪ್ಪಂದದಲ್ಲೇ ಬೇಡ ಅಂತ ಉಂಟು (ಕೇಳುವವ್ರು ಇದ್ದಾರೆ, ಅದು ಬೇರೆ ಮಾತು).

ಅದಾದ್ರೂ ಹೋಗ್ಲಿ ಮಾರಾಯ್ರೇ, ಚಾರ್ಜ್‌ಬ್ಯಾಕ್ ಕಥೆ ಕೇಳಿ, ಅಂದ್ರೆ ಗಿರಾಕಿ ದೂರು ಕೊಟ್ರೆ ಬ್ಯಾಂಕಿನವ್ರು ನಮ್ಮ ಹತ್ರ ದುಡ್ಡು ವಾಪಸ್ ಹಿಡಿಯುದು. ಯಾರೋ ಗಿರಾಕಿ ಮೂರು ತಿಂಗಳು ಬಿಟ್ಟು "ನಾನು ತಗೊಳ್ಳೇ ಇಲ್ಲ" ಅಂತ ಅವ್ರ ಬ್ಯಾಂಕಿಗೆ ಹೇಳಿದ್ರಂತೆ, ನನ್ನ ಖಾತೆಯಿಂದ 8,500 ಮೊದ್ಲೇ ಕಟ್, ಆಮೇಲೆ ಮೇಲ್, ಮಷಿನ್‌ನಿಂದ ಬಂದ, ಗಿರಾಕಿ ಸಹಿ ಮಾಡಿದ ಸ್ಲಿಪ್ ಕಳಿಸಿ ಅಂತ. ಡ್ರಾಯರ್ ತೆಗ್ದು ನೋಡಿದ್ರೆ ಆ ಥರ್ಮಲ್ ಪೇಪರ್ (ಶಾಯಿ ಇಲ್ದೆ ಬಿಸಿಗೆ ಅಕ್ಷರ ಮೂಡುವ ಕಾಗದ) ಪೂರಾ ಬಿಳಿ! ನಮ್ಮ ಊರಿನ ಮಳೆಗಾಲದಲ್ಲಿ ಹಪ್ಪಳವೇ ಉಳಿಯುದಿಲ್ಲ, ಇದು ಉಳೀತದಾ? ಬಿಲ್ ಬುಕ್ಕಿನ ಕಾರ್ಬನ್ ಕಾಪಿ ಇತ್ತು, ಪಿನ್ ಹಾಕಿದ ದಾಖಲೆ ಬ್ಯಾಂಕಿನವ್ರ ಸರ್ವರಲ್ಲೇ ಇರ್ತದೆ, ಆದ್ರೂ ಸ್ಲಿಪ್ಪೇ ಬೇಕಂತೆ. ಈಗ ಪ್ರತಿ ಸ್ಲಿಪ್ಪಿನ ಫೋಟೋ ತೆಗ್ದಿಡ್ತಾ ಇದ್ದೇನೆ. ತೀರ್ಮಾನ ಆಗೋವರೆಗೆ ದುಡ್ಡು ಹಿಡೀಬೇಡಿ ಅಂತ ಬ್ಯಾಂಕಿನವ್ರಿಗೆ ಯಾರಾದ್ರೂ ಹೇಳ್ಬೇಕು.

– ಒಬ್ಬ ಸೀರೆ ವ್ಯಾಪಾರಿ, ಉಡುಪಿ