ತಾಳಗುಪ್ಪ ಲೈನಿನ ಹಳೇ ಸಾಮಾನು ಪಟ್ಟಿ ಮಾಡಿಸಿ ಸ್ವಾಮಿ

ಮಾನ್ಯ ಸಂಸದರಿಗೆ ನಮಸ್ಕಾರ.

ಶಿವಮೊಗ್ಗ–ತಾಳಗುಪ್ಪ ಲೈನ್ ಬ್ರಾಡ್‌ಗೇಜ್ ಆಗಲಿ ಅಂತ ವರ್ಷಗಟ್ಟಲೆ ಕಾದವರು ನಾವು. ಹಳೇ ಹಳಿ ಮೇಲೆ ಓಡುತ್ತಿದ್ದ ರೈಲ್‌ಬಸ್ ನಿಂತ ಮೇಲೆ ಹೊಸ ಹಳಿ ಬೀಳುವ ತನಕ ಬಸ್ಸಿನ ಬಾಗಿಲಲ್ಲಿ ಜೋತಾಡಿದ್ದು ದೇವರಿಗೇ ಪ್ರೀತಿ. ರೈಲು ಮತ್ತೆ ಬಂತು. ಈಗ ಬೆಂಗಳೂರು, ಮೈಸೂರಿಗೆ ಸೀದಾ ಹೋಗಬಹುದು. ಅದಕ್ಕೆ ಥ್ಯಾಂಕ್ಸ್. ಆ ವಿಷಯದಲ್ಲಿ ಜಗಳ ಇಲ್ಲ.

ಜಗಳ ಇರೋದು ಗುಜರಿ ಲಾರಿಯ ಬಗ್ಗೆ.

ನಮ್ಮ ಕಡೆಯ ಒಂದು ಸಣ್ಣ ಸ್ಟೇಷನ್ ಹಿಂದೆ, ಲಂಟಾನ ಮಟ್ಟಿಯೊಳಗೆ, ಉಗಿ ಎಂಜಿನ್‌ಗೆ ನೀರು ತುಂಬಿಸುತ್ತಿದ್ದ ಎರಕದ ಕಂಬ ಇತ್ತು. ಮೇಲೆ ಆನೆ ಸೊಂಡಿಲಿನ ಹಾಗೆ ಬಾಗಿದ ಕೊಳವೆ. ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಇಬ್ಬರು ದೊಡ್ಡ ಸುತ್ತಿಗೆಯಲ್ಲಿ ಅದನ್ನ ಒಡೆಯುತ್ತಿದ್ದರು. ಎರಕ ಅಲ್ವಾ, ಕತ್ತರಿಸೋದೂ ಬೇಡ, ಹೊಡೆದರೆ ಸಾಕು. "ಯಾರು ಹೇಳಿದ್ದು?" ಅಂದೆ. "ಸಾಹೇಬ್ರು" ಅಂದರು. ಯಾವ ಸಾಹೇಬ್ರು ಅಂತ ಕೇಳಿದರೆ ಬೀಡಿ ಹಚ್ಚಿಕೊಂಡರು. ಮಧ್ಯಾಹ್ನದೊಳಗೆ ಲಾರಿಯೂ ಇಲ್ಲ, ಕಂಬವೂ ಇಲ್ಲ.

ಅರ್ಜಿ ಬರೆದೆ. ತಿಂಗಳುಗಳಾದ ಮೇಲೆ ಉತ್ತರ ಬಂತು: ನೀವು ಹೇಳಿದ ವಸ್ತು ದಾಖಲೆಯಲ್ಲಿ ಇಲ್ಲ. ದಾಖಲೆಯಲ್ಲೇ ಇಲ್ಲದ ಮೇಲೆ ಕಳುವಾಗೋದು ಹೇಗೆ ಹೇಳಿ! ಎಷ್ಟು ಸಲೀಸು ಲೆಕ್ಕ.

ಗುಜರಿ ಹರಾಜಿನ ನಿಯಮ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಆದರೆ ಪಟ್ಟಿಯೇ ಇಲ್ಲದ ಕಡೆ ನಿಯಮ ಏನು ಮಾಡುತ್ತೆ? ಮೊದಲು ಪಟ್ಟಿ ಮಾಡಿಸಿ.

ನಮ್ಮ ರೈಲು ಬರೋ ದಾರಿ ನೋಡಿ. ಬೀರೂರು ಬಿಟ್ಟ ಮೇಲೆ ಭದ್ರಾವತಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಇದ್ದಿಲು ಸೇರಿಸಿ 1923ರಲ್ಲೇ ಕಬ್ಬಿಣ ಕರಗಿಸಿದ ಊರು. ವಿಶ್ವೇಶ್ವರಯ್ಯನವರು ಕಷ್ಟಪಟ್ಟು ಕಟ್ಟಿ ನಿಲ್ಲಿಸಿದ ಕಾರ್ಖಾನೆ ಅದು. 2023ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ಮುಚ್ಚುತ್ತೀವಿ ಅಂದರು. ಶಿವಮೊಗ್ಗ ದಾಟಿದರೆ ಮ್ಯಾಂಗನೀಸ್ ಅಗೆದ ಕುಂಸಿ. ಕೊನೆಯ ಸ್ಟೇಷನ್ ತಾಳಗುಪ್ಪ ಇಳಿದರೆ ಹತ್ತಿರದಲ್ಲೇ ಜೋಗ. ಅಲ್ಲಿನ ಮಹಾತ್ಮ ಗಾಂಧಿ ವಿದ್ಯುತ್ ಕೇಂದ್ರ 1948ರದ್ದು. ಇಷ್ಟೆಲ್ಲ ಒಂದೇ ಸಾಲಿನಲ್ಲಿದೆ. ಒಂದು ಬೋರ್ಡೂ ಇಲ್ಲ.

ಇದೇ ಲೈನಿನ ಅರಸಾಳು ಸ್ಟೇಷನ್‌ನಲ್ಲಿ ಟಿವಿ ಧಾರಾವಾಹಿ ಶೂಟಿಂಗ್ ಆಗಿತ್ತು ಅಂತ ಹಳೇ ಕಟ್ಟಡವನ್ನ ಮ್ಯೂಸಿಯಂ ಮಾಡಿದರು. ಚೆನ್ನಾಗೇ ಮಾಡಿದ್ದಾರೆ. ಹಾಗಾದರೆ ಉಳಿದ ಸ್ಟೇಷನ್‌ಗಳು ಏನು ಪಾಪ ಮಾಡಿದ್ದವು? ಅಲ್ಲೂ ಯಾರಾದರೂ ಬಂದು ಶೂಟಿಂಗ್ ಮಾಡಬೇಕಾ?

ಮ್ಯೂಸಿಯಂ ಕೇಳ್ತಿಲ್ಲ ಸ್ವಾಮಿ. ದುಡ್ಡೂ ಜಾಸ್ತಿ ಬೇಡ. ಒಬ್ಬ ನೌಕರ, ಒಂದು ರಿಜಿಸ್ಟರ್, ಒಂದು ಫೋನ್ ಕ್ಯಾಮೆರಾ ಸಾಕು. ಹಳೇ ಗೋಡೌನು, ಸಿಗ್ನಲ್ ಲಿವರ್, ತೂಕದ ಯಂತ್ರ, ಎಲ್ಲದಕ್ಕೂ ನಂಬರ್ ಹಾಕಿಸಿ. ಮುಂದಿನ ಗುಜರಿ ಟೆಂಡರ್‌ಗೆ ಮೊದಲೇ ಪಟ್ಟಿ ಮಾಡಿಸಿ.

ಪಾರ್ಸೆಲ್ ತೂಗುತ್ತಿದ್ದ ಹಳೇ ಯಂತ್ರ ಇನ್ನೊಂದು ಸ್ಟೇಷನ್‌ನಲ್ಲಿ ಇನ್ನೂ ಇದೆ. ಎಲ್ಲಿ ಅಂತ ಇಲ್ಲಿ ಬರೆಯೋಲ್ಲ, ಲಾರಿಯವರೂ ಓದುತ್ತಾರೆ. ಪಟ್ಟಿ ಮಾಡೋರನ್ನ ಕಳಿಸಿ, ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ.

ಇತಿ,
ಸಾಗರ ಸೀಮೆಯ ಒಬ್ಬ ಪ್ರಯಾಣಿಕ