ಬೂಸ್ಟರ್ ಹಾಕಿಸಿದರೆ ಬ್ರೇಕ್ ಸರಿಹೋಗಲ್ಲ

ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ನಮ್ಮೂರಿನ ಹಳೇ ಕಾರುಗಳ ಬಗ್ಗೆ ಬಂದ ಬರಹ ಓದಿ ಖುಷಿಯಾಯಿತು. ನಮ್ಮಂಥ ಹುಚ್ಚರು ಇನ್ನೂ ಇದ್ದಾರಲ್ಲ! ಆದರೆ ಒಂದು ಮಾತು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಬ್ರೇಕ್ ಬೂಸ್ಟರ್, ಅಂದರೆ ಪೆಡಲ್ ತುಳಿಯುವ ಕಾಲಿಗೆ ಬಲ ಕೂಡಿಸುವ ಡಬ್ಬಿ, ಹಾಕಿಸಿದರೆ ಹಳೇ ಕಾರೂ ಹೊಸ ಕಾರಿನಷ್ಟೇ ಬೇಗ ನಿಲ್ಲುತ್ತದೆ ಎಂದು ಬರೆದಿದ್ದೀರಿ. ಇದನ್ನೇ ನಂಬಿ ಪೆಟ್ಟು ತಿಂದವನು ನಾನು.

ನನ್ನದು 1978ರ ಪ್ರೀಮಿಯರ್ ಪದ್ಮಿನಿ, ಮಾವನವರ ಕಾಲದ್ದು. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು (ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ಶೂ ಒತ್ತಿ ನಿಲ್ಲಿಸುವಂಥದ್ದು), ಬೂಸ್ಟರ್ ಇರಲಿಲ್ಲ. ಸಂಜೆ ಹೊತ್ತು ಅಗ್ರಹಾರ ಸರ್ಕಲ್‌ನಲ್ಲಿ ಆಟೋಗಳ ಮಧ್ಯೆ ಪೆಡಲ್ ತುಳಿದೂ ತುಳಿದೂ ಮಂಡಿ ನೋವು ಬಂತು, ಸರಿ, ಒಂದು ಬೂಸ್ಟರ್ ಹಾಕಿಸಿಬಿಡೋಣ ಅಂತ ಹಾಕಿಸಿದೆ. ಅದೇ ವಾರ ಮನೆಯವರನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋದೆ. ಹತ್ತುವಾಗ ಏನೂ ಇಲ್ಲ. ಇಳಿಯುವಾಗ ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಬ್ರೇಕ್ ಮುಟ್ಟಿದೆ ಅಷ್ಟೇ, ಎಡಗಡೆ ಮುಂದಿನ ಚಕ್ರ ಕಚ್ಚಿಕೊಂಡು ಕಾರು ಚರಂಡಿ ಕಡೆಗೆ ಮೂತಿ ತಿರುಗಿಸಿತು. ಕೆಳಗೆ ಲಲಿತ ಮಹಲ್ ಕಾಣುವವರೆಗೂ ಮನೆಯವರು ಮಾತಾಡಲಿಲ್ಲ.

ಮಾರನೇ ದಿನ ಚಕ್ರ ಬಿಚ್ಚಿ ನೋಡಿದರೆ, ಬಲಗಡೆ ಶೂ ತಳ್ಳುವ ವೀಲ್ ಸಿಲಿಂಡರ್ ಒಳಗೆ ತುಕ್ಕು ಹಿಡಿದು ಪಿಸ್ಟನ್ ಅಲುಗಾಡುತ್ತಲೇ ಇರಲಿಲ್ಲ. ಕಾರು ಮೊದಲಿಂದಲೂ ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು, ಸ್ಟೇರಿಂಗ್ ಬಿಗಿಯಾಗಿ ಹಿಡಿದು ಸುಮ್ನೆ ಓಡಿಸುತ್ತಿದ್ದೆ. ಬೂಸ್ಟರ್ ಬಂದ ಮೇಲೆ ಆ ಸ್ವಲ್ಪವೇ ಜಾಸ್ತಿ ಆಯಿತು.

ಯಾಕೆ ಅಂದರೆ, ಬೂಸ್ಟರ್ ಮಾಡುವ ಕೆಲಸ ಒಂದೇ, ನಮ್ಮ ಕಾಲಿನ ಬಲಕ್ಕೆ ಬಲ ಸೇರಿಸುವುದು. ಎಂಜಿನ್ ಗಾಳಿ ಎಳೆದುಕೊಳ್ಳುವ ಮ್ಯಾನಿಫೋಲ್ಡ್‌ನಿಂದ ಒಂದು ಪೈಪ್ ಆ ಕರೀ ಡಬ್ಬಿಗೆ ಬರುತ್ತದೆ. ಡಬ್ಬಿಯೊಳಗೆ ರಬ್ಬರ್ ಡಯಾಫ್ರಮ್, ಅಂದರೆ ಪರದೆ. ಅದರ ಒಂದು ಕಡೆ ಗಾಳಿ ಕಮ್ಮಿ (ಇದನ್ನೇ ವ್ಯಾಕ್ಯೂಮ್ ಅನ್ನುವುದು), ಇನ್ನೊಂದು ಕಡೆ ಹೊರಗಿನ ಗಾಳಿ ಬಂದು ತಳ್ಳುತ್ತದೆ. 18 ಸೆಂ.ಮೀ. ಅಗಲದ ಡಯಾಫ್ರಮ್ ಆದರೆ ಸುಮಾರು 140 ಕಿಲೋ ತಳ್ಳು ಸಿಗುತ್ತದೆ, ಕಡಿಮೆಯೇನಲ್ಲ. ಆದರೆ ಶೂ ಮೇಲಿನ ಲೈನರ್ ಸವೆದಿದ್ದರೆ, ಡ್ರಮ್ ಅಂಡಾಕಾರ ಆಗಿದ್ದರೆ, ಒಂದು ಚಕ್ರ ಹಿಡಿದು ಇನ್ನೊಂದು ಹಿಡಿಯದಿದ್ದರೆ, ಅದನ್ನೆಲ್ಲ ಆ ಡಬ್ಬಿ ಏನು ಸರಿಮಾಡೀತು? ಮೊದಲೇ ಡ್ರಮ್ ಬ್ರೇಕಿನ ಗುಣ ಹೇಗೆ ಅಂದರೆ, ತಿರುಗುವ ಡ್ರಮ್ಮೇ ಶೂವನ್ನು ತನ್ನ ಜೊತೆ ಎಳೆದುಕೊಂಡು ಇನ್ನಷ್ಟು ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಅದರ ಮೇಲೆ ಬೂಸ್ಟರ್ ಬಲವೂ ಸೇರಿದರೆ ಚಿಕ್ಕ ತಪ್ಪೂ ದೊಡ್ಡದಾಗುತ್ತದೆ. ಮೊದಲು ನಾಲ್ಕೂ ಚಕ್ರ ಬಿಚ್ಚಿಸಿ, ಆಮೇಲೆ ಬೂಸ್ಟರ್ ಮಾತು.

ಇನ್ನೊಂದು ಕಥೆ. ಎರಡು ವರ್ಷ ಕಳೆದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಸೈಲೆನ್ಸರ್‌ನಿಂದ ಬಿಳೀ ಹೊಗೆ. ಒಬ್ಬ ಮೆಕ್ಯಾನಿಕ್ ನೋಡಿದವರೇ ಎಂಜಿನ್ನಿನ ಪಿಸ್ಟನ್ ರಿಂಗ್ ಹೋಗಿದೆ, ಬೋರ್ ಮಾಡಿಸಬೇಕು ಅಂದರು. ಎಂಜಿನ್ ಇಳಿಸುವುದಕ್ಕೆ ದಿನವೂ ಗೊತ್ತಾಯಿತು. ನನಗೆ ಅನುಮಾನ. ಬ್ರೇಕ್ ಆಯಿಲ್ ಡಬ್ಬಿ ತಿಂಗಳಿಗೊಮ್ಮೆ ಖಾಲಿಯಾಗುತ್ತಿತ್ತು, ಆದರೆ ಯಾವ ಚಕ್ರದಲ್ಲೂ ಒಂದು ತೊಟ್ಟು ಸೋರಿಲ್ಲ. ಬೂಸ್ಟರ್‌ನ ವ್ಯಾಕ್ಯೂಮ್ ಪೈಪ್ ಕಿತ್ತು ಬೆರಳು ಹಾಕಿದೆ, ಬೆರಳು ಒದ್ದೆ. ಮೂಸಿದರೆ ಬ್ರೇಕ್ ಆಯಿಲ್! ಬೂಸ್ಟರ್‌ನೊಳಗಿನ ಸೀಲ್ ಹೋಗಿ ಎಂಜಿನ್ನು ಬ್ರೇಕ್ ಆಯಿಲನ್ನು ಹೀರಿ ಸುಡುತ್ತಿತ್ತು. ಒಂದು ರಬ್ಬರ್ ಕಿಟ್‌ನಲ್ಲಿ ಮುಗಿಯಿತು. ಗಾಬರಿಯಲ್ಲಿ ಪೈಪ್ ಎಳೆಯುವಾಗ ನಾಲ್ಕು ಹನಿ ಬಾನೆಟ್ ಅಂಚಿಗೆ ಬಿದ್ದು ಅಲ್ಲಿನ ಪೇಂಟ್ ಎದ್ದು ಬಂತು, ಆ ಗುರುತು ಈಗಲೂ ಇದೆ.

ಪರೀಕ್ಷೆ ಮಾಡುವುದಕ್ಕೆ ಯಾರೂ ಬೇಕಿಲ್ಲ, ಮನೆ ಮುಂದೆಯೇ ಆಗುತ್ತದೆ. ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ಬ್ರೇಕ್ ತುಳಿಯಿರಿ, ಪೆಡಲ್ ಗಟ್ಟಿಯಾಗುತ್ತದೆ. ಹಾಗೇ ಒತ್ತಿ ಹಿಡಿದು ಸ್ಟಾರ್ಟ್ ಮಾಡಿದಾಗ ಪೆಡಲ್ ಸ್ವಲ್ಪ ಕೆಳಗೆ ಹೋದರೆ ಬೂಸ್ಟರ್ ಬದುಕಿದೆ ಅಂತ ಅರ್ಥ. ಇಷ್ಟಕ್ಕೇ ನಿಲ್ಲಿಸಬೇಡಿ. ಓಡಿಸಿ ಬಂದು ಆಫ್ ಮಾಡಿ, ಐದು ನಿಮಿಷ ಬಿಟ್ಟು ತುಳಿಯಿರಿ. ಮೊದಲ ತುಳಿತವೇ ಕಲ್ಲಿನಂತಿದ್ದರೆ ಪೈಪಿನ ಬಾಯಲ್ಲಿರುವ ಚಿಕ್ಕ ವಾಲ್ವ್, ಗಾಳಿಯನ್ನು ಒಂದೇ ಕಡೆ ಬಿಡುವಂಥದ್ದು, ಹಿಡಿದುಕೊಳ್ಳುತ್ತಿಲ್ಲ, ಅಥವಾ ಪೈಪ್ ಎಲ್ಲೋ ಸೀಳಿದೆ. ಬ್ರೇಕ್ ಒತ್ತಿ ಹಿಡಿದಷ್ಟು ಹೊತ್ತೂ ಬುಸ್ ಅನ್ನುತ್ತಾ ಎಂಜಿನ್ ತಡವರಿಸಿದರೆ ಡಯಾಫ್ರಮ್ ನೋಡಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಒಳಗಿನ ತುಕ್ಕೆಲ್ಲ ಅದರಿಂದಲೇ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಅಪ್ಪಿತಪ್ಪಿಯೂ ಎಂಜಿನ್ ಆಯಿಲ್ ಸುರಿಯಬೇಡಿ, ರಬ್ಬರ್ ಎಲ್ಲ ಊದಿಕೊಳ್ಳುತ್ತದೆ.

ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಇಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಮ್ಮಿ, ಹಾಗಾಗಿ ಮಂಗಳೂರಿನಲ್ಲಿ ಸಿಗುವಷ್ಟು ಬಲ ಅದೇ ಬೂಸ್ಟರ್‌ನಿಂದ ಇಲ್ಲಿ ಸಿಗಲ್ಲ. ಬೆಟ್ಟದ ಮೇಲೆ ಇನ್ನೂ ಸ್ವಲ್ಪ ಕಮ್ಮಿ. ಅದು ಹೋಗಲಿ, ಪೆಟ್ರೋಲ್ ಉಳಿಸುತ್ತೇವೆ ಅಂತ ಎಂಜಿನ್ ಆಫ್ ಮಾಡಿ ಬೆಟ್ಟ ಇಳಿಯುವವರನ್ನು ನಾನು ಇವತ್ತಿಗೂ ನೋಡುತ್ತೇನೆ. ಆಫ್ ಮಾಡಿದ ಮೇಲೆ ಎರಡು ಮೂರು ತುಳಿತಕ್ಕೆ ಬೂಸ್ಟರ್ ಕಥೆ ಮುಗಿಯುತ್ತದೆ, ನಾಲ್ಕನೆಯದಕ್ಕೆ ಎರಡು ಕಾಲೂ ಸಾಲದು. ಎರಡನೇ ಗೇರ್‌ನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದರೆ ಎಂಜಿನ್ನೇ ಕಾರನ್ನು ಹಿಡಿಯುತ್ತದೆ, ವ್ಯಾಕ್ಯೂಮೂ ಜಾಸ್ತಿ ಸಿಗುತ್ತದೆ.

ಈ ಪತ್ರ ಬರೆಯುವುದಕ್ಕೆ ನಿಜವಾದ ಕಾರಣ ಬೇರೆ ಇದೆ. ಆ ಬರಹದ ಜೊತೆ ಬಾನೆಟ್ ತೆಗೆದಿಟ್ಟ ಮಾರಿಸ್ ಮೈನರ್ ಫೋಟೋ ಹಾಕಿದ್ದಿರಲ್ಲ, ಅದನ್ನು ಕನ್ನಡಕ ಹಾಕಿಕೊಂಡು ನೋಡಿದೆ. ಅದಕ್ಕೆ ಹಾಕಿರುವುದು ಮಾಸ್ಟರ್ ಸಿಲಿಂಡರ್‌ನಿಂದ (ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ) ಚಕ್ರಕ್ಕೆ ಹೋಗುವ ಪೈಪಿನ ನಡುವೆ ಕೂರುವ ಬೂಸ್ಟರ್, ಇಂಗ್ಲೆಂಡಿನ ಲಾಕ್‌ಹೀಡ್, ಗರ್ಲಿಂಗ್ ಕಂಪನಿಗಳು ಇಂಥ ಚಿಕ್ಕ ಕಾರುಗಳಿಗೆ ಮಾಡುತ್ತಿದ್ದ ಥರದ್ದು. ಅದನ್ನು ಆಯಿಲ್ ಹೊರಗೆ ಹೋಗುವ ತುದಿ ಮೇಲಕ್ಕಿರುವ ಹಾಗೆ ಓರೆಯಾಗಿ ಕೂರಿಸಬೇಕು. ಫೋಟೋದಲ್ಲಿ ಆ ತುದಿ ಕೆಳಕ್ಕೆ ಬಾಗಿದೆ. ಹಾಗಿದ್ದರೆ ಆಯಿಲ್‌ನಲ್ಲಿ ಸೇರಿದ ಏರ್ ಎಷ್ಟು ಸಲ ತೆಗೆದರೂ ಒಳಗೆ ಗುಳ್ಳೆ ಉಳಿಯುತ್ತದೆ, ಪೆಡಲ್ ಸ್ಪಂಜಿನ ಹಾಗಿರುತ್ತದೆ. ವ್ಯಾಕ್ಯೂಮ್ ಪೈಪ್ ಕೂಡ ಪೆಟ್ರೋಲ್ ಪೈಪಿನ ಥರ ಕಾಣುತ್ತಿದೆ. ಎಂಜಿನ್ ಎಳೆಯುವ ರಭಸಕ್ಕೆ ತೆಳು ಪೈಪ್ ಚಪ್ಪಟೆಯಾಗುತ್ತದೆ, ಬ್ರೇಕಿಗೆಂದೇ ಬರುವ ದಪ್ಪ ಪೈಪ್ ಬೇಕು. ಕಾರಿನ ಯಜಮಾನರು ಯಾರೆಂದು ನಿಮಗೆ ಗೊತ್ತಿರುತ್ತದೆ. ಅವರು ಬೆಟ್ಟಕ್ಕೆ ಹೊರಡುವ ಮುಂಚೆ ದಯವಿಟ್ಟು ಒಂದು ಫೋನ್ ಮಾಡಿ ಹೇಳಿ.

– ಹಳೇ ಪದ್ಮಿನಿಯ ಓದುಗ, ಸರಸ್ವತಿಪುರಂ, ಮೈಸೂರು